ಸೂರ್ಯನ ಕಣ್ಣಿಗೆ ಅರ್ಘ್ಯ

ಪರದೇಶದ ಸೌತ್ ಸಿ ಬಡಾವಣೆಯ ಆ ಫ್ಲ್ಯಾಟಿನಲ್ಲಿ ಅರ್ಘ್ಯ ಬಿಡುವುದು ಶ್ರೀರಂಜನಿಯ ಕೆಲಸವೇ ಅಲ್ಲ, ಗಂಡ ದ್ವಾರಕಾನಾಥರದು. ಅವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. ಬೆಳಗಾದರೆ ಸಾಕು, ಮಂಚದಿಂದ ಕಿಟಕಿಯನ್ನೇ ದಿಟ್ಟಿಸಿ ಗೊರಗೊರ ಎನ್ನುವರು. ಅರ್ಘ್ಯ ಕೇಳುತ್ತಿದ್ದಾರೆ ಎಂದು ಅವಳೇ ತೀರ್ಮಾನಿಸಿ ಧಡಕ್ಕನೆ ಏಳುವಳು. ರಾತ್ರಿ ಅವರ ಮಗ್ಗುಲು ಬದಲಿಸಿ, ಹಗಲು ಶಾಲೆಯಲ್ಲಿ ಫಿಸಿಕ್ಸ್ ಒದರುವ ಹೆಂಗಸಿಗೆ ಮುಂಜಾನೆಯ ಚೂರು ನಿದ್ದೆಯೂ ಹಾಗೆ ಹೋಯಿತು. ಭಕ್ತಿಯ ಮಾತು ಹಾಗಿರಲಿ, ದೇವರ ಮೇಲೆ ಸಿಟ್ಟಾಗಲೂ ತ್ರಾಣವಿರಲಿಲ್ಲ.

ಅರ್ಘ್ಯದ ನೀರು ತುಳಿಯಬಾರದೆಂದು ದ್ವಾರಕಾನಾಥರು ಅದನ್ನು ತಟ್ಟೆಯಲ್ಲಿ ಹಿಡಿದು ಗಿಡಕ್ಕೆ ಹಾಕುತ್ತಿದ್ದರು. ಒಂದು ದಿನ ತಟ್ಟೆ ಹುಡುಕಲೂ ಬೇಸರವಾಗಿ ಇವಳು ಬಾಲ್ಕನಿಯಿಂದಲೇ ಸುರಿದುಬಿಟ್ಟಳು. ಕೆಳಗೆ ಯಾರೋ ಚೀರಿದರು.

ಕೆಳಮನೆಯ ಎನ್ಕೆಚಿ! ಮಗನ ಜೊತೆ ನೈಜೀರಿಯಾದಿಂದ ಬಂದ ಇಗ್ಬೊ ಜನಾಂಗದ ಮುದುಕಿ. ಮಗ ಚರ್ಚಿಗೆ ಹೋಗುವವನು. ಅವಳು ಮಾತ್ರ ದಿನಾ ಅಂಗಳದಲ್ಲಿ ಬಿಳಿ ಸುಣ್ಣದ ಗೆರೆ ಎಳೆದು ಮೂಡುವ ಸೂರ್ಯನಿಗೆ ಕೈಯೆತ್ತುವಳು. ಆ ಗೆರೆ ಅಳಿಸಿಹೋಗಿತ್ತು, ಮುದುಕಿಯ ತಲೆಯೂ ತೊಯ್ದಿತ್ತು.

ಶ್ರೀರಂಜನಿ ಓಡಿ ಇಳಿದಳು. "ಸಾರಿ ಅಮ್ಮಾ, ಸಾರಿ. ನಮ್ಮೆಜಮಾನ್ರ ಪರವಾಗಿ ಸೂರ್ಯನಿಗೆ ಬಿಟ್ಟ ನೀರದು."

"ನಾನೂ ಅವನನ್ನೇ ಕರೀತಿದ್ದೆ. ನಮ್ಮಲ್ಲಿ ಅನ್ಯಾನ್ವು ಅಂತೀವಿ, ಸೂರ್ಯನ ಕಣ್ಣು ಅಂತ." ಮುದುಕಿ ತಲೆ ಒರೆಸಿಕೊಳ್ಳುತ್ತ ಅವಳ ಮುಖ ನೋಡಿದಳು. "ಆ ಕಣ್ಣಿಗೆ ಎಲ್ಲಾ ಕಾಣತ್ತೆ, ಮಗಳೇ. ನೀನು ನಿದ್ದೆ ಮಾಡಿ ಎಷ್ಟು ದಿನ ಆಯ್ತು?"

ಶ್ರೀರಂಜನಿಗೆ ಅಳು ಒತ್ತರಿಸಿ ಬಂತು. ಎಲ್ಲರೂ ದ್ವಾರಕಾನಾಥರನ್ನು ವಿಚಾರಿಸುತ್ತಿದ್ದರು, ಅವಳನ್ನು ಕೇಳಿದವರಿರಲಿಲ್ಲ.

"ನಾಳೆ ಸೂರ್ಯನಿಗೆ ನಿನ್ನ ಗಂಡನ ಹೆಸರು ನಾನು ಹೇಳ್ತೀನಿ. ನೀನು ಮಲಗು," ಎಂದಳು ಎನ್ಕೆಚಿ.

ಮರುದಿನ ಗೊರಗೊರ ಕೇಳಿದರೂ ಶ್ರೀರಂಜನಿ ಏಳಲಿಲ್ಲ. ಕೆಳಗೆ ಮುದುಕಿ "ದ್ವಾರ್ಕಾ, ದ್ವಾರ್ಕಾ" ಎನ್ನುತ್ತಿದ್ದಳು. ಬಿಸಿಲು ಕಿಟಕಿಯಿಂದ ನೇರ ಬಂದು ಶ್ರೀರಂಜನಿಯ ಮುಖಕ್ಕೆ ಬಡಿಯಿತು. ಗಂಡ ಸಿಡುಕುತ್ತಾರೆಂದು ಅಳುಕುತ್ತಲೇ ಅರೆಗಣ್ಣು ತೆರೆದಳು.

ದ್ವಾರಕಾನಾಥರು ಸೂರ್ಯನನ್ನು ನೋಡುತ್ತಿರಲೇ ಇಲ್ಲ. ಮಂಚದ ಅಂಚಿಗೆ ಹೊರಳಿ, ಏದುಸಿರು ಬಿಡುತ್ತ, ಎಡಗೈಯಲ್ಲಿ ಪರದೆಯ ತುದಿ ಹಿಡಿದು ಜಗ್ಗುತ್ತಿದ್ದರು. ಅವಳ ಮುಖದ ಮೇಲೆ ನೆರಳು ಬಿತ್ತು. ಗೊರಗೊರ ನಿಂತಿತು.

ಇಷ್ಟು ದಿನ ಅವರು ಕೇಳಿದ್ದು ಅರ್ಘ್ಯವನ್ನಲ್ಲ, ಅವಳ ನಿದ್ದೆಗೆ ಈ ನೆರಳನ್ನೇ. ಶ್ರೀರಂಜನಿ ಕಣ್ಣು ಮುಚ್ಚಿಕೊಂಡಳು.