ಫೌಸ್ಟಿನ್ ಮೇಷ್ಟ್ರಿಗೆ ವಿಶೇಷಣಗಳಿಲ್ಲದ ವಿದಾಯ

ಕಚ್ಚಾ ಎಣ್ಣೆಯ ಬೆಲೆ ಕುಸಿದ ಆ ವರ್ಷಗಳಲ್ಲಿ ಮಸ್ಕತ್ತಿನ ರೂವಿಯ ನಮ್ಮ ಕನ್ನಡ ಬಳಗದಲ್ಲಿ ಬೀಳ್ಕೊಡುಗೆಗಳಿಗೆ ಮಾತ್ರ ಬರವಿರಲಿಲ್ಲ. ಭಾಷಣದ ಗುತ್ತಿಗೆ ನನ್ನದು. ಮೈಸೂರಿನವನು ಎಂಬ ಒಂದೇ ಅರ್ಹತೆಯ ಮೇಲೆ ಸಿಕ್ಕಿದ್ದು. ಹೋಗುವವರೆಲ್ಲ ನನ್ನ ಬಾಯಲ್ಲಿ ಸರಳ ಸಜ್ಜನರು, ನುಡಿಸೇವಕರು. ಎಲ್ಲರೂ ತಾಯ್ನಾಡಿನ ಸೆಳೆತಕ್ಕೆ ಮಣಿದು ಸ್ವಇಚ್ಛೆಯಿಂದ ಹೊರಟವರು. ಕೆಲಸ ಹೋಯಿತು ಎಂದು ವೇದಿಕೆಯಲ್ಲಿ ಹೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. ಹೆಸರು ಬದಲಾಯಿಸಿದರೆ ಅದೇ ಭಾಷಣ ಮುಂದಿನ ಶುಕ್ರವಾರಕ್ಕೂ ನಡೆಯುತ್ತಿತ್ತು.

೨೦೧೬ರಲ್ಲಿ ಫೌಸ್ಟಿನ್ ಮೇಷ್ಟ್ರ ಸರದಿ ಬಂತು. ಕರಾವಳಿಯ ಶಿರ್ವದವರು, ಮಸ್ಕತ್ತಿನಿಂದ ಸುಮಾರು ಎರಡು ಗಂಟೆ ದಾರಿಯ ನಿಜ್ವಾದ ಖಾಸಗಿ ಕಾಲೇಜೊಂದರಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುತ್ತಿದ್ದರು. ಅಮೆರಿಕದ ವಾಸ್ತವವಾದವೆಂದರೆ ಅವರಿಗೆ ಜೀವ. ಅಂತರ್ಯುದ್ಧ ಮುಗಿದ ಮೇಲೆ ಅಲ್ಲಿನ ಬರಹಗಾರರು ಮಹಾವೀರರನ್ನೂ ಮೂರ್ಛೆ ಹೋಗುವ ನಾಯಕಿಯರನ್ನೂ ಕೈಬಿಟ್ಟು, ಅಂಗಡಿಯವರು, ರೈತರು, ದೋಣಿಯವರು ಹೇಗೆ ಮಾತಾಡುತ್ತಾರೋ ಹಾಗೇ ಬರೆಯತೊಡಗಿದ ಕಥೆಯನ್ನು ಊಟದ ಸಾಲಿನಲ್ಲೂ ಹೇಳುತ್ತಿದ್ದರು. ಅದನ್ನು ಕಲಿಸಲು ಒಮಾನಿ ಹುಡುಗರನ್ನು ನಿಜ್ವಾದ ಮೇಕೆ ಸಂತೆಗೇ ಕರೆದೊಯ್ಯುತ್ತಿದ್ದರು. ದಲ್ಲಾಳಿ ಒಳ್ಳೆಯವನೋ ಕೆಟ್ಟವನೋ ನೀವು ಹೇಳಬೇಡಿ. ಅವನು ಮೇಕೆಯ ಬಾಯಿ ಬಿಡಿಸಿ ಹಲ್ಲು ತೋರಿಸುವುದನ್ನು ಬರೆಯಿರಿ, ತೀರ್ಪು ಓದುವವನಿಗಿರಲಿ ಎನ್ನುತ್ತಿದ್ದರು. ಎಣ್ಣೆ ಅಗ್ಗವಾದಾಗ ಕಾಲೇಜು ಎಂಜಿನಿಯರಿಂಗ್ ಉಳಿಸಿಕೊಂಡು ಸಾಹಿತ್ಯದ ವಿಭಾಗ ಮುಚ್ಚಿತು.

ಭಾಷಣವನ್ನು ಮೊದಲು ತಮಗೆ ತೋರಿಸಬೇಕೆಂದು ಹಟ ಹಿಡಿದ ಮೊದಲ ಗಿರಾಕಿ ಅವರೇ. ನಿಜ್ವಾಕ್ಕೆ ಹೋದೆ. ಅರ್ಧ ಕಟ್ಟಿದ ಪೆಟ್ಟಿಗೆಗಳ ನಡುವೆ ಕೂತು ಪೆನ್ಸಿಲ್ ಹಿಡಿದರು. ‘ನುಡಿಸೇವಕ’ನನ್ನು ಯಾರು ನೋಡಿದ್ದು ಎಂದು ಕೇಳಿ ಹೊಡೆದುಹಾಕಿದರು. ‘ಸರಳ ಸಜ್ಜನ’ ಹೋಯಿತು. ಪುಟದಲ್ಲಿ ‘ಆತ್ಮೀಯರೇ’ ಮಾತ್ರ ಉಳಿಯುವ ಲಕ್ಷಣ ಕಂಡು, ನನ್ನ ಸಾಹಿತ್ಯದ ನಿಜವಾದ ತೂಕ ಇಷ್ಟೇ ಎಂದುಕೊಂಡೆ. ‘ಸ್ವಇಚ್ಛೆ’ಗೆ ಬಂದಾಗ ಪೆನ್ಸಿಲ್ ನಿಂತಿತು.

“ಕಂಡದ್ದನ್ನೇ ಬರೆಯಿರಿ ಅಂತ ಇಷ್ಟು ವರ್ಷ ಕಲಿಸಿದವ ನಾನು. ನನ್ನನ್ನು ಸುಳ್ಳು ಹೇಳಿ ಕಳಿಸ್ಬೇಡಿ ಮಾರಾಯ್ರೆ.”

ಅವರ ಹೆಂಡತಿ ಒಲಿಂಡಾ ಅಡುಗೆಮನೆಯಿಂದ ಬಂದರು. “ನಾವು ಇಳಿಯುವ ಮೊದಲೇ ಭಾಷಣದ ವೀಡಿಯೊ ಶಿರ್ವಕ್ಕೆ ಮುಟ್ತದೆ. ಭಾನುವಾರ ಇಗರ್ಜಿಯಲ್ಲಿ ಮುಖ ತೋರಿಸ್ಲಿಕ್ಕೆ ಇರುವುದು ನನಗೆ.”

ನಾನು ಚಹಾದ ಲೋಟದೊಳಗೆ ಏನೋ ಹುಡುಕತೊಡಗಿದೆ. ಕೊನೆಗೆ ಮೇಷ್ಟ್ರು ಸೋತರು. ‘ಸ್ವಇಚ್ಛೆ’ ಇರಲಿ ಎಂದರು. ಉಳಿದ ಖಾಲಿ ಪುಟಕ್ಕೆ ಅವರು ನಡೆದದ್ದನ್ನು ಹೇಳುತ್ತ ಹೋದರು, ನಾನು ಬರೆದುಕೊಂಡೆ. ಮಸ್ಕತ್ತಿನ ಬಳಗದ ಮಕ್ಕಳಿಗೆ ಕನ್ನಡ ನಾಟಕ ಕಲಿಸಲು ಪ್ರತಿವಾರ ಗಾಡಿ ಓಡಿಸಿಕೊಂಡು ಬಂದದ್ದು ಇತ್ಯಾದಿ. ಓದಿ ಹೇಳಿದಾಗ ಒಲಿಂಡಾ ತಡೆದರು. ಗಾಡಿ ಓಡಿಸುತ್ತಿದ್ದದ್ದು ತಾನು. ಇವರು ಪಕ್ಕದಲ್ಲಿ ಬಾಯಿ ತೆರೆದು ನಿದ್ದೆ. ಮೇಷ್ಟ್ರ ಕನ್ನಡಕ್ಕೆ ಮಕ್ಕಳು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದದ್ದನ್ನೂ ಸೇರಿಸಲು ಹೇಳಿದರು. ನಕ್ಕರು. ಮೊದಲಿನಿಂದ ಇನ್ನೊಮ್ಮೆ ಓದಿಸಿದರು. ಕೊನೆಗೆ ‘ಸ್ವಇಚ್ಛೆ’ಯ ಸಾಲು ಬಂದಾಗ ಕೈ ಅಡ್ಡ ಹಿಡಿದರು.

“ಬೇಡ ಅಣ್ಣ,” ಎಂದರು. “ನಿದ್ದೆಯ ವಿಷಯ ಸತ್ಯ ಹೇಳಿ ಇಲ್ಲಿ ಸುಳ್ಳು ಹೇಳಿದ್ರೆ, ನಿದ್ದೆಯನ್ನೂ ಯಾರೂ ನಂಬ್ಲಿಕ್ಕಿಲ್ಲ. ಕೆಲಸ ಹೋಯ್ತು ಅಂತಲೇ ಹಾಕಿ. ಶಿರ್ವದವರಿಗೆ ನಾನು ಹೇಳ್ತೇನೆ.”

ಶುಕ್ರವಾರ ಓದಿದೆ. ನಿದ್ದೆಗೆ ಸಭೆ ನಕ್ಕಿತು. ‘ವಿಭಾಗ ಮುಚ್ಚಿತು, ಮೇಷ್ಟ್ರ ಕೆಲಸ ಹೋಯಿತು’ ಎಂದಾಗ ಕುರ್ಚಿಗಳ ಸದ್ದೂ ನಿಂತಿತು. ತಾಯ್ನಾಡಿನ ಬಗ್ಗೆ ಒಂದೇ ಒಂದು ವಾಕ್ಯ ಸೇರಿಸಲು ನನ್ನ ನಾಲಿಗೆ ತುರಿಸುತ್ತಿತ್ತು. ಮೇಷ್ಟ್ರು ನೋಡುತ್ತಿದ್ದರು; ಕೂತುಬಿಟ್ಟೆ. ಚಪ್ಪಾಳೆ ತೆಳುವಾಗಿತ್ತು.

ಊಟದ ಹೊತ್ತಿಗೆ ಕಟ್ಟಡ ಕಂಪನಿಯ ಅಕೌಂಟೆಂಟ್ ಎಲಿಯಾಸ್ ತಟ್ಟೆ ಹಿಡಿದುಕೊಂಡು ಮೇಷ್ಟ್ರ ಪಕ್ಕ ಬಂದು ನಿಂತ.

“ಸರ್, ನನ್ನದೂ ಹೋಗಿದೆ. ಹೆಂಡತಿಗೆ ಹೇಳ್ಲಿಲ್ಲ. ದಿನಾ ಟೈ ಕಟ್ಟಿ ಹೊರಡ್ತೇನೆ. ನೀವು ಹೇಗೆ ಹೇಳಿದ್ದು?”

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಒಲಿಂಡಾ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಅವನನ್ನು ಕೂರಿಸಿದರು.

“ಇವರ ಹಾಗೆ ಹೇಳ್ಬೇಡ ಮಾರಾಯ. ಬಾಗಿಲಲ್ಲಿ ಶೂ ಬಿಚ್ಚುವಾಗಲೇ ಹೇಳಿಬಿಟ್ರು, ನನ್ನ ಕೈಯಲ್ಲಿ ಬಿಸಿ ಪಾತ್ರೆ. ನೀನು ಮೊದಲು ಅವಳನ್ನು ಕೂರಿಸು. ಮತ್ತೆ ಹೇಳು.”