ಆಯಾ ಅಕ್ಕುವಿನ ಗಾಳ

ಶಾಲೆಗಳಿಗೆ ಬೇಸಗೆ ರಜೆ ಸಿಕ್ಕಿತೆಂದರೆ ಅಕ್ಕುವಿಗೆ ಕೈಕಾಲು ಕಟ್ಟಿಹಾಕಿದಂತಾಗುತ್ತಿತ್ತು. ಅವಳು ಅಬುಧಾಬಿಯ ಶಾಲಾ ಬಸ್ಸೊಂದರಲ್ಲಿ ಆಯಾ. ಜುಲೈ, ಆಗಸ್ಟ್ ಎರಡು ತಿಂಗಳು ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಒಂದೇ ಕೋಣೆಯಲ್ಲಿ ಕಳೆಯಬೇಕು. ಗಂಡ ಚನಿಯ ಏಸಿ ಮೆಕ್ಯಾನಿಕ್. ಆ ಸೆಕೆಯಲ್ಲಿ ಅವನಿಗೆ ಊಟಕ್ಕೂ ಪುರುಸೊತ್ತಿಲ್ಲ. ೨೦೦೨ರ ಜುಲೈಯಲ್ಲಿ ಅಕ್ಕು ಒರೆಸಿದ ಕಿಟಕಿಯನ್ನೇ ದಿನಕ್ಕೆ ಮೂರು ಸಲ ಒರೆಸಿದಳು, ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು.

ಒಂದು ದಿನ ಚನಿಯ ಅವಳಿಗೊಂದು ಕೆಲಸ ತಂದ. ಅವನು ಏಸಿ ರಿಪೇರಿ ಮಾಡಿದ್ದು ಅಲ್ಲೇ ಕೆಲಸಕ್ಕಿದ್ದ ಮಂಗಳೂರಿನ ಹರ್ಬರ್ಟ್ ಎಂಬ ಗುಮಾಸ್ತರ ಮನೆಯಲ್ಲಿ. ತನ್ನ ಊರಿಗೆ ಮರಳಿದ ಬ್ರಿಟಿಷ್ ಸಾಹೇಬನೊಬ್ಬ ಕೊಟ್ಟ ಗಾಳದ ಕೋಲು ಹಿಡಿದು ಅವರು ವಾರದ ರಜೆಯ ಶುಕ್ರವಾರ ಕಡಲಿಗೆ ಮೀನು ಹಿಡಿಯಲು ಹೋಗುತ್ತಿದ್ದರು. ಆ ಗಾಳಕ್ಕೆ ಸಿಗಡಿ, ಹುಳ ಬೇಡ. ಆಡಿನ ಕೂದಲು, ಜರಿ ಸುತ್ತಿ ಮರಿಮೀನಿನಂತೆ ಮಾಡಿದ ‘ಫ್ಲೈ’ ಸಾಕು. ಕಣ್ಣಿಗೆ ಪೊರೆ ಬಂದು ಈಗ ಅದನ್ನು ಕಟ್ಟಲು ಅವರಿಂದಾಗುತ್ತಿರಲಿಲ್ಲ.

ತವರೂರು ಶಂಕರಪುರದಲ್ಲಿ ಮಲ್ಲಿಗೆ ಕಟ್ಟಿ ಬೆಳೆದ ಬೆರಳು ಅಕ್ಕುವಿನದು. ಎರಡೇ ದಿನದಲ್ಲಿ ಮೂವತ್ತು ಕಟ್ಟಿದಳು. ಆಮೇಲೆ ಕೂದಲು ಮುಗಿಯಿತು, ಪುನಃ ಕೈ ಖಾಲಿ.

“ಇದನ್ನು ಬೀಸುದು ಹೇಗೆಂತ ನಂಗೂ ಕಲಿಸಿ,” ಎಂದು ಹರ್ಬರ್ಟರನ್ನು ಕೇಳಿಯೇಬಿಟ್ಟಳು.

ಫ್ಲೈಗೆ ತೂಕವಿಲ್ಲ, ದಪ್ಪ ದಾರಕ್ಕೇ ತೂಕ. ಹಿಂದಕ್ಕೆ ಬೀಸಿ, ದಾರ ಪೂರಾ ಬಿಚ್ಚಿಕೊಳ್ಳುವ ತನಕ ಕಾದು, ಮುಂದಕ್ಕೆ ಬೀಸಬೇಕು. ಕಾಯುವುದೊಂದೇ ಅಕ್ಕುವಿಗೆ ಬಾರದ್ದು. ಮೊದಲ ಶುಕ್ರವಾರ ದಾರ ಅವಳ ಕುತ್ತಿಗೆಗೇ ಸುತ್ತಿಕೊಂಡಿತು. ಎರಡನೆಯ ಸಲ ಕೊಕ್ಕೆಗೆ ಸಿಕ್ಕಿ ಚನಿಯನ ಅಂಗಿ ಹರಿಯಿತು.

“ನೀವು ಇನ್ನು ಮನೆಯಲ್ಲೇ ಇರಿ,” ಎಂದಳು ಗಂಡನಿಗೆ.

ಮೂರನೆಯ ಶುಕ್ರವಾರ ಬೆಳಕು ಹರಿಯುವಾಗಲೇ ಅಲೆ ತಡೆಯುವ ಬ್ರೇಕ್‌ವಾಟರಿನ ಕಲ್ಲುಗಳು ಬಿಸಿಯಾಗಿದ್ದವು. ಕಡಲಹಕ್ಕಿಗಳು ನೀರಿಗೆ ಎರಗತೊಡಗಿದವು. ಅವುಗಳ ಕೆಳಗೆ ಮೀನಿನ ಹಿಂಡಿನಿಂದ ನೀರು ಕುದಿಯುವಂತಿತ್ತು. ಅಕ್ಕು ಬೀಸಿದಳು, ಉಸಿರು ಹಿಡಿದು ಕಾದಳು, ಮತ್ತೆ ಬೀಸಿದಳು. ಎರಡು ಸಲ ದಾರ ಎಳೆಯುವಷ್ಟರಲ್ಲಿ ಮೀನು ಕಚ್ಚಿತು, ದಾರ ಬೆರಳು ಕೊಯ್ದುಕೊಂಡು ಓಡಿತು.

“ಹಿಡೀಬೇಡ, ಓಡ್ಲಿಕ್ಕೆ ಬಿಡು,” ಎಂದರು ಹರ್ಬರ್ಟ್.

ಮೂರು ಸಲ ಮೀನು ನೀರಿನಿಂದ ಹಾರಿತು. ಕೊನೆಗೆ ಕಲ್ಲಿನ ಬದಿಗೆ ಬಂದದ್ದು ಬೆಳ್ಳಿತಗಡಿನಂಥ ಎರಡಡಿಯ ಕ್ವೀನ್‌ಫಿಶ್. ಹರ್ಬರ್ಟ್ ಮೆಲ್ಲಗೆ ಕೊಕ್ಕೆ ಬಿಡಿಸಿ, ಅದನ್ನು ನೀರಿಗೆ ಇಳಿಸಲು ಬಗ್ಗಿದರು.

“ಎಂತ ಮಾಡ್ತೀರಿ?”

“ಬಿಡುದು. ಈ ಆಟ ಹಾಗೆಯೇ, ಸಾಹೇಬರು ಹೇಳಿಕೊಟ್ಟದ್ದು.”

“ಬಿಡ್ಲಿಕ್ಕೆ ಹಿಡಿದದ್ದಲ್ಲ ನಾನು,” ಎಂದು ಅಕ್ಕು ರಕ್ತ ಸೋರುವ ಕೈಯಲ್ಲೇ ಮೀನು ಕಸಿದುಕೊಂಡಳು.

ದಾರಿಯುದ್ದಕ್ಕೂ ಹರ್ಬರ್ಟ್ ಹತ್ತು ಹೆಜ್ಜೆ ಮುಂದೆಯೇ ನಡೆದರು. ಮಧ್ಯಾಹ್ನ ಅವಳು ಆ ಮೀನಿನ ಹುಳಿಖಾರದ ಪುಳಿಮುಂಚಿ ಮಾಡಿ ಚನಿಯನ ಕೈಯಲ್ಲಿ ಅವರಿಗೆ ಕಳಿಸಿದಳು. ಅವನು ಖಾಲಿ ಡಬ್ಬಿ ಹಿಡಿದು ಬಂದ.

“ಎಂತ ಹೇಳಿದ್ರು?”

“ಏನೂ ಇಲ್ಲ. ಬರುವ ವಾರ ಐದು ಗಂಟೆಗೇ ಹೊರಡಬೇಕಂತೆ.”

ಅಕ್ಕು ಡಬ್ಬಿ ತೊಳೆದಳು. ಆರು ದಿನ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಆ ಚಳಿಗಾಲದಲ್ಲಿ ಹರ್ಬರ್ಟ್ ಕೆಲಸ ಬಿಟ್ಟು ಊರಿಗೆ ಹೊರಟಾಗ ಕೋಲು ಅವಳಿಗೇ ಬಂತು. ಮುಂದಿನ ಬೇಸಗೆ ಚನಿಯನಿಗೆ ಊರಿಗೆ ಹೋಗಲು ರಜೆ ಮಂಜೂರಾಯಿತು.

“ನೀವು ಹೋಗಿ ಬನ್ನಿ,” ಎಂದಳು ಅಕ್ಕು. “ಜುಲೈಯಲ್ಲಿ ನಂಗೆ ಆಗುದಿಲ್ಲ.”