ಖಾಲಿ ಹಾಳೆಗೆ ಸಹಿ

ನಮ್ಮ ಕಡೆ ಶಿಕ್ಷಕರ ಸಭೆ ಶುರುವಾಗುವ ಮೊದಲೇ ಸಹಿ ಮುಗಿದಿರುತ್ತದೆ. ನಡಾವಳಿ ಪುಸ್ತಕದ ಖಾಲಿ ಹಾಳೆಯ ಕೆಳಗೆ ಎಲ್ಲರೂ ಸಾಲಾಗಿ ಸಹಿ ಹಾಕಿ, ಚಹಾ ಕುಡಿದು, ಹರಟಿ ಮನೆಗೆ ಹೋಗುತ್ತಾರೆ. ಸಭೆಯಲ್ಲಿ ಏನಾಯಿತೆಂದು ಹೆಡ್‌ಮಾಸ್ತರರು ಆಮೇಲೆ ಬಿಡುವಾದಾಗ ತುಂಬುತ್ತಾರೆ. ಹೋದ ಸಲದ್ದನ್ನೇ ನೋಡಿ ಬರೆದರೂ ಕೇಳುವವರಿಲ್ಲ. ಇದಕ್ಕೆ ನಾಚಿದವರನ್ನು ನಾನಂತೂ ಕಂಡಿಲ್ಲ. ಸಿಟ್ಟಾದವರನ್ನು ಮಾತ್ರ ಒಬ್ಬರನ್ನು ಕಂಡಿದ್ದೇನೆ, ಸಂಪದಾ ಟೀಚರ್.

ಧಾರವಾಡದ ಮಾಳಮಡ್ಡಿ ಬಡಾವಣೆಯವರು, ಅದೇ ಊರಿನ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾರೆ. ದನಿ ಏರಿಸುವವರಲ್ಲ. ಸಿಟ್ಟು ಬಂದಷ್ಟೂ ಅವರ ಮಾತಿನಲ್ಲಿ ‘ರಿ’ ಹೆಚ್ಚುತ್ತದೆ, ಅಷ್ಟೇ. ಅದು ಹೆಚ್ಚಿದ್ದು ದುರ್ಗಾಳ ಸಲುವಾಗಿ.

ಕೆಲಗೇರಿಯಿಂದ ಬರುವ ಈ ಏಳನೆಯ ತರಗತಿಯ ಹುಡುಗಿ ಹಲಗೆಯ ಮೇಲಿದ್ದದ್ದನ್ನು ತಪ್ಪುತಪ್ಪಾಗಿ ಇಳಿಸಿಕೊಳ್ಳುತ್ತಿದ್ದಳು. ಕಣ್ಣು ತೋರಿಸಬೇಕೆಂದು ಸಂಪದಾ ಜುಲೈ ಸಭೆಯಲ್ಲಿ ಹೇಳಿದರು. ಎಲ್ಲರೂ ಹೌದೌದೆಂದರು. ಪುಸ್ತಕದಲ್ಲಿ ಬಿದ್ದದ್ದು ‘ಮಕ್ಕಳ ಆರೋಗ್ಯದ ಕುರಿತು ಚರ್ಚಿಸಲಾಯಿತು’ ಎಂದು. ಯಾರು ಕರೆದೊಯ್ಯಬೇಕು, ಯಾವಾಗ, ಒಂದಕ್ಷರವಿಲ್ಲ! ತರಗತಿ ಶಿಕ್ಷಕ ಶ್ರೀರಂಗ ಸರ್ ಅದು ಹೆಡ್‌ಮಾಸ್ತರರ ಕೆಲಸ ಎಂದುಕೊಂಡರು. ಹೆಡ್‌ಮಾಸ್ತರ್ ಪಂಢರಿನಾಥ ಸರ್ ಅದು ಶ್ರೀರಂಗರ ಕೆಲಸ ಎಂದುಕೊಂಡರು.

ದಸರಾ ರಜೆಯ ನಂತರ ಒಂದು ದಿನ ದುರ್ಗಾ ತರಗತಿಯ ಹೊರಗೆ ನಿಂತಿದ್ದಳು. ಲೆಕ್ಕ ತಪ್ಪಾಗಿ ಇಳಿಸಿಕೊಂಡಳೆಂದು ಶ್ರೀರಂಗ ಸರ್ ಮೈಗಳ್ಳಿ ಎಂದು ಬೈದು ಹೊರಗೆ ಹಾಕಿದ್ದರು. ನೋಡಿದ ಸಂಪದಾ ಅವರ ಮೈಯೆಲ್ಲ ಉರಿದುಹೋಯಿತು. ತಮ್ಮ ಮೇಲೂ ಅಷ್ಟೇ ಸಿಟ್ಟು ಬಂತು. ಹೇಳಿ ಆಯಿತಲ್ಲ ಎಂದು ಅವರೂ ಸುಮ್ಮನಾಗಿದ್ದರು.

ಮುಂದಿನ ಸಭೆಯಲ್ಲಿ ಖಾಲಿ ಹಾಳೆ ಮುಂದೆ ಬಂದಾಗ ಅವರು ಸಹಿ ಹಾಕಲಿಲ್ಲ.

“ಈ ಸಲ ನಾ ಬರೀತೇನ್ರಿ ಸರ್. ಓದಿ ಹೇಳ್ತೇನ್ರಿ. ಆಮ್ಯಾಲೆ ಎಲ್ಲಾರೂ ಸಹಿ ಮಾಡ್ರಿ.”

ಬರೆದರು: ದುರ್ಗಾಳ ಕಣ್ಣಿನ ಪರೀಕ್ಷೆ, ಶ್ರೀರಂಗ ಸರ್, ಶನಿವಾರದೊಳಗೆ.

“ನನ್ನ ಹೆಸರ್ಯಾಕ್ರಿ? ಶಿಕ್ಷಕರು ಅಂತ ಬರೀರಿ,” ಶ್ರೀರಂಗ ಸಿಡುಕಿದರು.

“ಯಾರ ಹೆಸರೂ ಬರೀದ ಬಿಟ್ಟಿದ್ದಕ್ಕ ಆ ಹುಡುಗಿ ಹೊರಗ ನಿಲ್ಲಬೇಕಾತ್ರಿ. ಕ್ಲಾಸ್ ಟೀಚರ್ ನೀವಿದ್ದೀರ್ರಿ.”

“ಹೆಸರು ಹಿಡದು ಬರಿಯೂ ಪದ್ಧತಿ ನಮ್ಮಲ್ಲಿಲ್ರೀ ಸಂಪದಾ ಬಾಯಾರ,” ಎಂದರು ಪಂಢರಿನಾಥ ಸರ್.

“ಇವತ್ತಿಂದ ಸುರು ಮಾಡೂಣ್ರಿ.”

ಮನೆಗೆ ಹೊರಡುವ ಮೊದಲೇ ಸಂಪದಾ ಆ ಹಾಳೆಯ ಫೋಟೋ ಶಿಕ್ಷಕರ ವಾಟ್ಸಪ್ ಗ್ರೂಪಿಗೆ ಹಾಕಿದ್ದರು. ಹೆಸರು ಎಲ್ಲರ ಕಣ್ಣಿಗೆ ಬಿದ್ದ ಮೇಲೆ ಶ್ರೀರಂಗ ಸರ್ ಗೊಣಗುತ್ತಲೇ ಶನಿವಾರ ಹುಡುಗಿಯನ್ನೂ ಅವಳ ಅವ್ವನನ್ನೂ ಆಸ್ಪತ್ರೆಗೆ ಕರೆದೊಯ್ದರು.

ಕನ್ನಡಕ ಬಂದ ದಿನ ದುರ್ಗಾ ಹಲಗೆಯನ್ನೇ ನೋಡುತ್ತ ಕುಳಿತಿದ್ದಳು. ಪಾಠ ಮುಗಿದ ಮೇಲೆ ಸಂಪದಾ ಅವರ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ಟೀಚರ್, ಬಾಕಿಯವ್ರಿಗೆ ಮೊದಲಿಂದ್ಲೂ ಹಿಂಗ ಕಾಣತಿತ್ತೇನ್ರಿ? ನಾ ದಡ್ಡಿ ಅದೀನಿ ಅಂತ ತಿಳಕೊಂಡಿದ್ದೆ.”

ಆಮೇಲಿನ ಸಭೆಯ ನಡಾವಳಿಯಲ್ಲಿ ಸಂಪದಾ ಮೊದಲು ಬರೆದದ್ದು ಈ ಮಾತನ್ನೇ, ಒಂದಕ್ಷರ ಬಿಡದೆ. ಅವರು ಓದಿ ಹೇಳಿದಾಗ ಯಾರೂ ಚಹಾ ಮುಟ್ಟಲಿಲ್ಲ.

“ಇದನ್ನೂ ಬರೀಬೇಕೇನ್ರಿ?” ಪಂಢರಿನಾಥ ಸರ್ ಮೆತ್ತಗೆ ಕೇಳಿದರು.

“ಬರದಾಗೇದ್ರಿ ಸರ್. ಸಹಿ ಮಾಡ್ರಿ.”

ಪೆನ್ನು ಎತ್ತಿಕೊಂಡವರು ಶ್ರೀರಂಗ ಸರ್. ಆ ಸಾಲನ್ನು ಇನ್ನೊಮ್ಮೆ ತಾವೇ ಓದಿಕೊಂಡು, ಅದರ ಕೆಳಗೆ ಸಹಿ ಹಾಕಿದರು.